ಸಂಶಯದ ಲಾಭ ಯಾರಿಗೆ?

ವೈಜ್ಞಾನಿಕ ಅಧ್ಯಯನವೊಂದನ್ನು ಕಾದಂಬರಿಯಂತೆ ಕೂತು ಓದಿ ವಿಮರ್ಶಿಸುವ ರೂಢಿ ನಮ್ಮಲ್ಲಿ ಕಡಿಮೆ. ಪತ್ರಿಕೆಗಳು ಅದರಿಂದ ಒಂದು ಅಂಕಿ ಎತ್ತಿಕೊಂಡು ತಲೆಬರಹ ಮಾಡುತ್ತವೆ, ವಾರದೊಳಗೆ ಅದು ಹಳತಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ನರರೋಗಶಾಸ್ತ್ರಜ್ಞ ವಿಲ್ಲಿ ಸ್ಟೀವರ್ಟ್ ಮತ್ತು ಸಂಗಡಿಗರು ನಡೆಸಿ, 2019ರ ಅಕ್ಟೋಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಆದದ್ದು ಇಷ್ಟೇ. ವೃತ್ತಿಪರ ಫುಟ್‌ಬಾಲ್ ಆಡಿದವರು ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಎಂಬ ಸಾಲು ಜಗತ್ತನ್ನೆಲ್ಲ ಸುತ್ತಿತು. ಆ ಸಾಲಿನ ಹಿಂದೆ ಮುಂದೆ ಏನಿದೆ ಎಂದು ನೋಡಿದವರು ಕಡಿಮೆ. ಫುಟ್‌ಬಾಲನ್ನು ಪ್ರೀತಿಸುವವನಾಗಿ ನನಗೆ ಆ ಅಧ್ಯಯನ ಈ ಕಾಲದ ಮುಖ್ಯ ಬರಹಗಳಲ್ಲಿ ಒಂದು. ಅದನ್ನು ಮಾಡಿದ ರೀತಿಗೆ ನನ್ನ ಮೆಚ್ಚುಗೆಯಿದೆ. ಆಟದ ಆಡಳಿತಗಾರರು ಅದನ್ನು ಓದಿಕೊಂಡ ರೀತಿಗೆ ಆಕ್ಷೇಪವಿದೆ.

ಈ ಅಧ್ಯಯನ ಹುಟ್ಟುವ ಹೊತ್ತಿಗೆ ಬಹಳ ತಡವಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಜೆಫ್ ಆಸ್ಟಲ್ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಮುಂಚೂಣಿ ಆಟಗಾರ. ಊರಿನವರು ಅವರನ್ನು ‘ರಾಜ’ ಎಂದೇ ಕರೆಯುತ್ತಿದ್ದರು. ಗಾಳಿಯಲ್ಲಿ ಬಂದ ಚೆಂಡನ್ನು ಹಣೆಯಿಂದ ಹೊಡೆಯುವುದರಲ್ಲಿ ಅವರಿಗೆ ಸಮನಾದವರು ಆ ಕಾಲದಲ್ಲಿ ಕೆಲವರೇ. 1968ರ ಎಫ್.ಎ. ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದವರು ಅವರೇ, ಅದು ಮಾತ್ರ ಎಡಗಾಲಿನಿಂದ. ಆಟ ಬಿಟ್ಟ ಮೇಲೆ ಕಟ್ಟಡಗಳ ಕಿಟಕಿ ಒರೆಸುವ ಕಸುಬು ಹಿಡಿದರು. ಐವತ್ತರ ನಡುವಿನಲ್ಲೇ ಮರೆವು ಹಿಡಿಯಿತು. ತಾನು ಫುಟ್‌ಬಾಲ್ ಆಡಿದ್ದೇ ಕೊನೆಗೆ ಅವರಿಗೆ ನೆನಪಿರಲಿಲ್ಲ ಎಂದು ಮಗಳು ಡಾನ್ ಆಸ್ಟಲ್ ಹೇಳಿದ್ದಾರೆ. 2002ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 59 ವರ್ಷ.

ಅದೇ ವರ್ಷದ ಕೊನೆಯಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಇದು ಔದ್ಯೋಗಿಕ ಕಾಯಿಲೆಯಿಂದಾದ ಸಾವು. ಗಣಿಯ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡ ಕೂಲಿಕಾರನ ಸಾವಿನ ಪಕ್ಕದಲ್ಲಿ ಕಾನೂನು ಆಸ್ಟಲ್ ಅವರ ಸಾವನ್ನು ಇಟ್ಟಿತು. ಆ ಸಂಜೆಯೇ ಆಟದ ಒಡೆಯರು ಬೆಚ್ಚಿಬೀಳಬೇಕಿತ್ತು. ಆಗಿದ್ದೇನು? ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್.ಎ. ಮತ್ತು ಆಟಗಾರರ ಸಂಘವಾದ ಪಿ.ಎಫ್.ಎ. ಕೂಡಿ ಒಂದಷ್ಟು ಎಳೆಯ ತರಬೇತಿ ಆಟಗಾರರನ್ನು ಹತ್ತು ವರ್ಷ ಹಿಂಬಾಲಿಸುವ ಅಧ್ಯಯನಕ್ಕೆ ಕೈಹಾಕಿದವು. ಹುಡುಗರಲ್ಲಿ ಹೆಚ್ಚಿನವರು ವೃತ್ತಿಪರರಾಗಲೇ ಇಲ್ಲ, ಆಟ ಬಿಟ್ಟು ಹೋದರು. ಅಧ್ಯಯನ ಏನನ್ನೂ ಹೇಳದೆ ಮುಗಿಯಿತು. ಎಪ್ಪತ್ತನೆಯ ವಯಸ್ಸಿನಲ್ಲಿ ಬರುವ ಕಾಯಿಲೆಯನ್ನು ಇಪ್ಪತ್ತು ಮೂವತ್ತರ ಹುಡುಗರಲ್ಲಿ ಹುಡುಕಿದರೆ ಸಿಗುವುದಾದರೂ ಏನು? ಈ ಪ್ರಶ್ನೆ ಆ ದಿನ ಯಾರಿಗೂ ಹೊಳೆಯಲಿಲ್ಲ ಎಂದು ನಂಬುವುದು ನನಗೆ ಕಷ್ಟ. 2014ರಲ್ಲಿ ಸ್ಟೀವರ್ಟ್ ಅವರೇ ಆಸ್ಟಲ್ ಅವರ ಮೆದುಳನ್ನು ಮತ್ತೆ ಪರೀಕ್ಷಿಸಿ, ಅದು ಸಾಮಾನ್ಯ ಅಲ್ಝೈಮರ್ ಆಗಿರಲಿಲ್ಲ, ಬಾಕ್ಸರುಗಳಲ್ಲಿ ಕಾಣುವ ಸಿ.ಟಿ.ಇ. ಎಂದು ಗುರುತಿಸಿದರು. ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿದ್ದು, ಮೆದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನು ಗಂಟುಕಟ್ಟುತ್ತ ಹೋಗುವ ಕಾಯಿಲೆ ಅದು. ಇಂದಿಗೂ ಅದನ್ನು ಖಚಿತವಾಗಿ ಹೇಳಲು ಆಗುವುದು ಸತ್ತ ಮೇಲೆ, ಮೆದುಳನ್ನು ಕೊಯ್ದು ನೋಡಿದಾಗ ಮಾತ್ರ.

ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತನೆಯ ಅಂಗ. ಹೊರಗಿನ ಪೆಟ್ಟಿಗೆ ಬುರುಡೆ ತಟ್ಟನೆ ನಿಂತರೂ ಒಳಗಿನದು ತೊನೆದಾಡುತ್ತದೆ, ನರತಂತುಗಳು ಜಗ್ಗುತ್ತವೆ. ಚೆಂಡನ್ನು ಹಣೆಯಿಂದ ಹೊಡೆಯುವ ಒಂದು ಹೆಡ್ಡರ್‌ನಿಂದ ಸಾಮಾನ್ಯವಾಗಿ ಯಾರಿಗೂ ಪ್ರಜ್ಞೆ ತಪ್ಪುವುದಿಲ್ಲ, ತಲೆ ಸುತ್ತುವುದೂ ಇಲ್ಲ. ಕಾಣಿಸದ ಸಣ್ಣ ಪೆಟ್ಟುಗಳು ಹದಿನೈದು ಇಪ್ಪತ್ತು ವರ್ಷ ಒಂದರ ಮೇಲೊಂದು ಸೇರಿದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ. ಪಂದ್ಯದಲ್ಲಿ ನಾವು ಕಾಣುವ ಹೆಡ್ಡರ್‌ಗಳು ಕೆಲವೇ. ಕಾರ್ನರ್ ಕಿಕ್, ಕ್ರಾಸ್, ಗೋಲ್‌ಕಿಕ್ ಎಂದು ತರಬೇತಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಣೆಗೆ ಬೀಳುತ್ತಿದ್ದ ಚೆಂಡುಗಳೇ ಹೆಚ್ಚು.

ಗ್ಲಾಸ್ಗೊದವರ ಜಾಣ್ಮೆ ಇರುವುದು ಕಾಯಿಲೆಯನ್ನು ಹುಡುಕಿಕೊಂಡು ಹೋದ ದಿಕ್ಕಿನಲ್ಲಿ. ಎಳೆಯರ ಹಿಂದೆ ಹತ್ತು ವರ್ಷ ನಡೆಯುವ ಬದಲು ಅವರು ಹಳೆಯ ದಾಖಲೆಗಳ ಕಡೆ ತಿರುಗಿದರು. ಸ್ಕಾಟಿಷ್ ಫುಟ್‌ಬಾಲಿನ ದಾಖಲೆಗಳಿಂದ 1900ರಿಂದ 1976ರ ನಡುವೆ ಹುಟ್ಟಿದ 7,676 ವೃತ್ತಿಪರ ಆಟಗಾರರನ್ನು ಪಟ್ಟಿ ಮಾಡಿದರು. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ವೈದ್ಯಸೇವೆ ಪಡೆಯುವ ಪ್ರತಿಯೊಬ್ಬನಿಗೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಯ ಎಳೆ ಹಿಡಿದು ಸಾವಿನ ಪ್ರಮಾಣಪತ್ರಗಳನ್ನೂ ಔಷಧಿ ಚೀಟಿಗಳನ್ನೂ ಜೋಡಿಸಿದರು. ಪ್ರತಿ ಆಟಗಾರನ ಪಕ್ಕದಲ್ಲಿ ಅದೇ ವಯಸ್ಸಿನ, ಅದೇ ಮಟ್ಟದ ಬಡತನದ ಬಡಾವಣೆಯ ಮೂವರು ಸಾಮಾನ್ಯ ಗಂಡಸರನ್ನು ನಿಲ್ಲಿಸಿದರು. ಒಟ್ಟು 23,028 ಮಂದಿ. ಬಡತನದ ಲೆಕ್ಕ ಹಿಡಿದದ್ದು ಸಣ್ಣ ಸಂಗತಿಯಲ್ಲ. ಕಾರ್ಮಿಕರ ಕೇರಿಗಳಿಂದ ಬಂದ ಆಟಗಾರನನ್ನು ಶ್ರೀಮಂತ ಬಡಾವಣೆಯವನ ಜೊತೆ ತೂಗಿದ್ದರೆ ಇಡೀ ತಕ್ಕಡಿಯೇ ಸುಳ್ಳಾಗುತ್ತಿತ್ತು. ಈ ಸಲವೂ ಹಣ ಕೊಟ್ಟವರು ಎಫ್.ಎ. ಮತ್ತು ಪಿ.ಎಫ್.ಎ. ಎಂಬುದನ್ನು ಅವರ ಲೆಕ್ಕಕ್ಕೆ ಸೇರಿಸಲೇಬೇಕು.

ಫಲಿತಾಂಶ ಎರಡು ಮುಖದ್ದು, ಎರಡನ್ನೂ ಅವರು ಮುಚ್ಚಿಡದೆ ಬರೆದರು. ಹೃದ್ರೋಗದಿಂದ ಸತ್ತ ಆಟಗಾರರು ಹೋಲಿಕೆಯ ಗುಂಪಿಗಿಂತ ಕಡಿಮೆ. ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಹತ್ತಿರ ಹತ್ತಿರ ಅರ್ಧ. ಎಪ್ಪತ್ತರವರೆಗೆ ಆಟಗಾರರೇ ಹೆಚ್ಚು ಬದುಕುತ್ತಾರೆ. ಆಮೇಲೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಅಲ್ಝೈಮರ್ ಕಾಯಿಲೆಯಿಂದ ಸಾವು ಸುಮಾರು ಐದು ಪಟ್ಟು. ಮರೆವಿನ ಕಾಯಿಲೆಗೆ ಕೊಡುವ ಔಷಧಿಗಳನ್ನು ಬರೆಸಿಕೊಂಡವರೂ ಅದೇ ಅನುಪಾತದಲ್ಲಿ ಹೆಚ್ಚು. ಮುಂದೆ ಇದೇ ತಂಡ ಆಸ್ಪತ್ರೆಯ ದಾಖಲೆಗಳನ್ನು ನೋಡಿದಾಗ, ಖಿನ್ನತೆ ಮತ್ತು ಆತಂಕಕ್ಕಾಗಿ ದಾಖಲಾದವರು ಆಟಗಾರರಲ್ಲಿ ಕಡಿಮೆ ಎಂದೂ ಕಂಡಿತು. ಆಟ ಕೊಟ್ಟದ್ದನ್ನೂ ಕಿತ್ತುಕೊಂಡದ್ದನ್ನೂ ಒಂದೇ ಕೋಷ್ಟಕದಲ್ಲಿ ಬರೆದ ಈ ನಿಷ್ಠೆಯೇ ಅಧ್ಯಯನವನ್ನು ನಂಬಲು ನನಗಿರುವ ದೊಡ್ಡ ಕಾರಣ.

ಇಲ್ಲಿ ‘ಪಟ್ಟು’ ಎಂಬ ಅಳತೆಯ ಬಗ್ಗೆ ಎಚ್ಚರ ಬೇಕು. ಮೆದುಳಿನ ಕಾಯಿಲೆಯೇ ಸಾವಿಗೆ ಮುಖ್ಯ ಕಾರಣ ಎಂದು ದಾಖಲಾದದ್ದು ಆಟಗಾರರಲ್ಲಿ ನೂರಕ್ಕೆ 1.7, ಉಳಿದವರಲ್ಲಿ 0.5. ಈ ಅಂಕಿಯನ್ನು ಹಿಡಿದು ‘ನೂರಕ್ಕೆ ಇಬ್ಬರೂ ಇಲ್ಲವಲ್ಲ’ ಎನ್ನುವವರಿದ್ದಾರೆ. ಅವರು ಪಕ್ಕದ ಅಂಕಿಯನ್ನೂ ಓದಬೇಕು: ಅಧ್ಯಯನ ಮುಗಿಯುವ ಹೊತ್ತಿಗೆ ಆ 7,676 ಜನರಲ್ಲಿ ತೀರಿಕೊಂಡವರು 1,180 ಮಂದಿ ಮಾತ್ರ. ಉಳಿದವರೆಲ್ಲ ಬದುಕಿದ್ದರು, ಹಲವರಿಗೆ ಇನ್ನೂ ನಡುವಯಸ್ಸು. ಮರೆವಿನ ಕಾಯಿಲೆ ತನ್ನ ಬಾಕಿ ಕೇಳಲು ಬರುವ ವಯಸ್ಸು ಅವರಿಗೆ ಆಗಿರಲಿಲ್ಲ.

ಮಿತಿಗಳೂ ಇವೆ, ಲೇಖಕರೇ ಒಪ್ಪಿಕೊಂಡವು. ಯಾರು ಎಷ್ಟು ಹೆಡ್ಡರ್ ಹೊಡೆದರು ಎಂಬ ಲೆಕ್ಕ ಯಾವ ದಾಖಲೆಯಲ್ಲೂ ಇರಲಿಲ್ಲ. ತಲೆಗೆ ತಲೆ ಡಿಕ್ಕಿ ಹೊಡೆದು ಆದ ಗಾಯ ಎಷ್ಟು, ಚೆಂಡಿನಿಂದ ಆದದ್ದು ಎಷ್ಟು ಎಂದು ಬೇರ್ಪಡಿಸಲು ಆಗಲಿಲ್ಲ. ಹಳೆಯ ಸಾವಿನ ಪತ್ರಗಳಲ್ಲಿ ವೈದ್ಯರು ಮರೆವಿನ ಕಾಯಿಲೆಯಾದ ಡಿಮೆನ್ಷಿಯಾವನ್ನು ಬರೆಯದೆ ಬಿಟ್ಟಿರಬಹುದು. ಹೆಂಗಸರಂತೂ ಒಬ್ಬರೂ ಇಲ್ಲ. 2023ರಲ್ಲಿ ಸ್ವೀಡನ್ನಿನಿಂದ ಬಂದ ಅಧ್ಯಯನ, 6,007 ಉನ್ನತ ಮಟ್ಟದ ಆಟಗಾರರನ್ನು ಐವತ್ತಾರು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿ, ಅಪಾಯ ಒಂದೂವರೆ ಪಟ್ಟು ಎಂದಿತು; ಪಾರ್ಕಿನ್ಸನ್ ಕಾಯಿಲೆ ಅಲ್ಲಿ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ಮೂರೂವರೆಗೂ ಒಂದೂವರೆಗೂ ನಡುವಿನ ಅಂತರ ದೊಡ್ಡದು. ಆಟಗಾರರ ಪರ ದನಿಯೆತ್ತುವ ಇಂಗ್ಲೆಂಡಿನ ಹೋರಾಟಗಾರರ ಮಾತುಗಳಲ್ಲಿ ಈ ಸ್ವೀಡನ್ನಿನ ಅಂಕಿ ಸಿಗುವುದು ಅಪರೂಪ. ಹಾಗೆ ಬಿಡುವುದು ತಪ್ಪು, ಏಕೆಂದರೆ ಅದು ವಾದವನ್ನು ಕೆಡಿಸುವುದಿಲ್ಲ. ಬೇರೆ ದೇಶ, ಬೇರೆ ದಾಖಲೆ ಪದ್ಧತಿ, ಆದರೂ ಬಾಣ ತೋರಿಸುವ ದಿಕ್ಕು ಒಂದೇ. ಇನ್ನೊಂದು ವಿವರದಲ್ಲಂತೂ ಎರಡೂ ಅಧ್ಯಯನಗಳು ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ.

ಆ ವಿವರ ಗೋಲ್‌ಕೀಪರ್. ಅವನು ಉಳಿದವರ ಜೊತೆಯೇ ಓಡುತ್ತಾನೆ, ಅದೇ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಾನೆ, ಅದೇ ಊಟ, ಅದೇ ಕುಡಿತ, ಅದೇ ಸಂಬಳ, ಆಟ ಮುಗಿದ ಮೇಲಿನ ಅದೇ ಖಾಲಿತನ. ಚೆಂಡನ್ನು ಮಾತ್ರ ಕೈಯಲ್ಲಿ ಹಿಡಿಯುತ್ತಾನೆ. 2021ರಲ್ಲಿ ಸ್ಟೀವರ್ಟ್ ತಂಡ ಅದೇ ಸ್ಕಾಟಿಷ್ ಆಟಗಾರರನ್ನು ಆಡುವ ಸ್ಥಾನದ ಪ್ರಕಾರ ವಿಂಗಡಿಸಿದಾಗ ಗೋಲ್‌ಕೀಪರ್‌ಗಳ ಅಪಾಯ ಸಾಮಾನ್ಯರಿಗಿಂತ ಖಚಿತವಾಗಿ ಹೆಚ್ಚು ಎನ್ನಲು ಆಧಾರ ಸಿಗಲಿಲ್ಲ. ಡಿಫೆಂಡರ್‌ಗಳದ್ದು ಐದು ಪಟ್ಟು. ಎದುರಾಳಿ ಎತ್ತರಕ್ಕೆ ಒದ್ದ ಚೆಂಡನ್ನು ನೂರು ಸಲ ಹಣೆಕೊಟ್ಟು ಹಿಂದಕ್ಕೆ ಕಳಿಸುವವರು ಅವರೇ. ಐದು ವರ್ಷಕ್ಕಿಂತ ಕಡಿಮೆ ಆಡಿದವರಿಗೆ ಅಪಾಯ ಎರಡು ಪಟ್ಟಿಗಿಂತ ತುಸು ಹೆಚ್ಚು, ಹದಿನೈದು ವರ್ಷಕ್ಕಿಂತ ಹೆಚ್ಚು ಆಡಿದವರಿಗೆ ಐದು ಪಟ್ಟಿಗಿಂತಲೂ ಹೆಚ್ಚು. ಸ್ವೀಡನ್ನಿನಲ್ಲೂ ಗೋಲ್‌ಕೀಪರ್‌ಗಳ ಅಪಾಯ ಏರಿರಲಿಲ್ಲ. ಗಾಳಿಯಲ್ಲಿನ ಚೆಂಡಿಗಾಗಿ ಇಬ್ಬರು ಹಾರಿದಾಗಲೇ ಮೊಣಕೈ, ಹಣೆಗಳ ಡಿಕ್ಕಿಯೂ ಹೆಚ್ಚು ಎಂಬುದು ನಿಜ, ಆದ್ದರಿಂದ ಡಿಫೆಂಡರ್‌ನ ಅಪಾಯವೆಲ್ಲ ಚೆಂಡಿನಿಂದಲೇ ಎಂದು ನಾನು ಹೇಳಲಾರೆ. ಆದರೆ ಆ ಡಿಕ್ಕಿಯೂ ಹೆಡ್ಡರ್‌ಗಾಗಿ ಹಾರಿದ್ದರಿಂದಲೇ ಬಂದದ್ದು.

ಇನ್ನೂ ಒಂದು ಸಮಾಧಾನ ಬಹುಕಾಲ ಚಲಾವಣೆಯಲ್ಲಿತ್ತು. ಹಳೆಯ ಚರ್ಮದ ಚೆಂಡು ಮಳೆಗೆ ನೆನೆದು ಭಾರವಾಗುತ್ತಿತ್ತು, ಕಾಯಿಲೆ ಆ ಕಾಲದವರದ್ದು, ಈಗಿನ ಚೆಂಡಿಗೆ ನೀರು ಹತ್ತುವುದಿಲ್ಲ ಎಂಬುದು. ಒಣಗಿದ ಚೆಂಡಿನ ತೂಕ ಅಂದೂ ಇಂದೂ ಹೆಚ್ಚುಕಡಿಮೆ ಒಂದೇ, 410ರಿಂದ 450 ಗ್ರಾಂ. ಈಗಿನದು ನೆನೆಯುವುದಿಲ್ಲ, ಹೆಚ್ಚು ವೇಗವಾಗಿ ಬರುತ್ತದೆ. 2021ರ ಅದೇ ಅಧ್ಯಯನ ಹುಟ್ಟಿದ ದಶಕಗಳ ಪ್ರಕಾರವೂ ವಿಂಗಡಿಸಿ ನೋಡಿತು. ಬೇರೆ ಬೇರೆ ತಲೆಮಾರುಗಳ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚರ್ಮದ ಚೆಂಡಿನ ಕಥೆಯನ್ನು ಆ ದಿನವೇ ಕೈಬಿಡಬೇಕಿತ್ತು. ಟೀವಿ ಚರ್ಚೆಗಳಲ್ಲಿ ಅದು ಇನ್ನೂ ಓಡಾಡುತ್ತಿದೆ.

ಆಟದ ಆಡಳಿತ ಏನನ್ನೂ ಮಾಡಲಿಲ್ಲ ಎಂದರೆ ಅನ್ಯಾಯವಾಗುತ್ತದೆ. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಸಂಸ್ಥೆಗಳು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡ್ಡಿಂಗ್ ಬೇಡ ಎಂದವು. ಅಮೆರಿಕದಲ್ಲಿ ಹತ್ತು ವರ್ಷದೊಳಗಿನವರಿಗೆ 2015ರಲ್ಲೇ ನಿಷೇಧ ಬಂದಿತ್ತು, ಅದೂ ಪೋಷಕರು ಕೋರ್ಟಿಗೆ ಹೋದ ಮೇಲೆ. 2024–25ರ ಋತುವಿನಿಂದ ಇಂಗ್ಲೆಂಡ್ ಎಳೆಯ ಮಕ್ಕಳ ಪಂದ್ಯಗಳಿಂದಲೂ ಹೆಡ್ಡಿಂಗನ್ನು ಹಂತಹಂತವಾಗಿ ತೆಗೆಯುತ್ತಿದೆ. ಇವೆಲ್ಲ ಒಳ್ಳೆಯ ಕೆಲಸಗಳು, ನಾನು ಮನಸಾರೆ ಒಪ್ಪುತ್ತೇನೆ.

ವೃತ್ತಿಪರರ ವಿಷಯಕ್ಕೆ ಬಂದಾಗ ಮಾತಿನ ದನಿ ಬದಲಾಗುತ್ತದೆ. 2021ರ ಜುಲೈನಲ್ಲಿ ಇಂಗ್ಲೆಂಡ್ ತಂದ ಮಾರ್ಗಸೂಚಿ ಹೀಗಿದೆ: ತರಬೇತಿಯಲ್ಲಿ ವಾರಕ್ಕೆ ಹೆಚ್ಚೆಂದರೆ ಹತ್ತು ‘ಹೆಚ್ಚು ರಭಸದ’ ಹೆಡ್ಡರ್. ಮೂವತ್ತೈದು ಮೀಟರಿಗಿಂತ ದೂರದಿಂದ ಬಂದ ಪಾಸ್, ಕ್ರಾಸ್, ಕಾರ್ನರ್, ಫ್ರೀಕಿಕ್‌ಗಳಿಂದ ಬಂದವು ಈ ಲೆಕ್ಕಕ್ಕೆ. ಕೇಳಲು ಚೆನ್ನಾಗಿದೆ. ಆದರೆ ಹತ್ತೇ ಏಕೆ? ಎಂಟು ಅಪಾಯ, ಹನ್ನೆರಡು ಅಪಾಯ, ಹತ್ತು ಕ್ಷೇಮ ಎಂದು ಗ್ಲಾಸ್ಗೊದ ಅಧ್ಯಯನ ಹೇಳಿಲ್ಲ, ಹೇಳುವುದು ಅದಕ್ಕೆ ಸಾಧ್ಯವೂ ಇರಲಿಲ್ಲ. ಲೆಕ್ಕ ಇಡುವ ಹೊಣೆಯೂ ಕ್ಲಬ್ಬಿಗೇ, ಶನಿವಾರದ ಪಂದ್ಯ ಗೆಲ್ಲಲು ಕಾರ್ನರ್ ಕಿಕ್ ತಾಲೀಮು ಮಾಡಿಸಬೇಕಾದ ಅದೇ ಕೋಚ್‌ಗೆ. ಪಂದ್ಯಕ್ಕಂತೂ ಈ ಮಿತಿ ಅನ್ವಯವೇ ಆಗುವುದಿಲ್ಲ. ಸ್ಕಾಟ್ಲೆಂಡ್ 2022ರಲ್ಲಿ ತಂದ ಸೂಚನೆ ಇದಕ್ಕಿಂತ ಅರ್ಥಪೂರ್ಣ: ಪಂದ್ಯದ ಹಿಂದಿನ ದಿನ ಮತ್ತು ಮರುದಿನ ತರಬೇತಿಯಲ್ಲಿ ಹೆಡ್ಡಿಂಗ್ ಇಲ್ಲ. ಅದಕ್ಕೊಂದು ತರ್ಕವಿದೆ. ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2016ರಲ್ಲಿ ಆಟಗಾರರಿಂದ ಇಪ್ಪತ್ತು ಹೆಡ್ಡರ್ ಹೊಡೆಸಿ ಜ್ಞಾಪಕಶಕ್ತಿ ಪರೀಕ್ಷಿಸಿದಾಗ ಅದು ಸ್ಪಷ್ಟವಾಗಿ ಕುಸಿದು, ಇಪ್ಪತ್ತನಾಲ್ಕು ಗಂಟೆಯೊಳಗೆ ಮೊದಲಿನಂತಾಗಿತ್ತು. ಮೆದುಳಿಗೆ ಸುಧಾರಿಸಿಕೊಳ್ಳಲು ಹೊತ್ತು ಕೊಡಿ ಎಂಬುದು ತರ್ಕಬದ್ಧ ಮಾತು.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ‘ಕಾರಣ ಇನ್ನೂ ಸಾಬೀತಾಗಿಲ್ಲ’ ಎಂಬುದು ವಿಜ್ಞಾನಿಯ ಬಾಯಲ್ಲಿ ಪ್ರಾಮಾಣಿಕ ಮಾತು. ಅದೇ ಮಾತು ಆಡಳಿತಗಾರನ ಬಾಯಿಗೆ ಬಂದಾಗ ಕಾಲ ತಳ್ಳುವ ಉಪಾಯವಾಗುತ್ತದೆ. ಸ್ಟೀವರ್ಟ್ ತಂಡ ತನ್ನ ಮಿತಿಗಳನ್ನು ಬರೆದದ್ದು ಮುಂದಿನ ಕೆಲಸ ಎಲ್ಲಿಂದ ಶುರುವಾಗಬೇಕೆಂದು ತೋರಿಸಲು. ಆಟದ ಸಂಸ್ಥೆಗಳು ಆ ಮಿತಿಗಳ ನೆರಳಿನಲ್ಲಿ ನಿಂತುಕೊಂಡವು. ಅಪಾಯ ಇದೆಯೋ ಇಲ್ಲವೋ ಎಂಬ ಅನುಮಾನ ಉಳಿದಿರುವವರೆಗೆ ಅದರ ನಷ್ಟವನ್ನೆಲ್ಲ ಆಟಗಾರನ ಮನೆ ಹೊರುತ್ತದೆ: ಹೆಂಡತಿ ರಾತ್ರಿಯೆಲ್ಲ ಎಚ್ಚರವಿರುತ್ತಾಳೆ, ಮಕ್ಕಳು ಆರೈಕೆಯ ಖರ್ಚಿಗೆ ಮನೆ ಮಾರುತ್ತಾರೆ. ಅನುಮಾನದ ಲಾಭ ಮಾತ್ರ ಆಟಕ್ಕೆ. ಆಸ್ಟಲ್ ಅವರ ಸಾವನ್ನು 2002ರಲ್ಲೇ ಔದ್ಯೋಗಿಕ ಎಂದು ಕರೆದರೂ, ಮುಂದಿನ ಎರಡು ದಶಕಗಳಲ್ಲಿ ಬ್ರಿಟಿಷ್ ಸರ್ಕಾರ ಪರಿಹಾರ ಕೊಡುವ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಫುಟ್‌ಬಾಲಿಗರ ಡಿಮೆನ್ಷಿಯಾ ಸೇರಲಿಲ್ಲ.

ಈ ನಷ್ಟ ಹೊತ್ತ ತಲೆಮಾರು ಶ್ರೀಮಂತರದ್ದಲ್ಲ ಎಂಬುದನ್ನು ಇಂದಿನ ನೋಡುಗರು ಮರೆತಿದ್ದಾರೆ. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರನ ಗರಿಷ್ಠ ವೇತನ ವಾರಕ್ಕೆ ಇಪ್ಪತ್ತು ಪೌಂಡ್. 1966ರಲ್ಲಿ ವಿಶ್ವಕಪ್ ಗೆದ್ದ ಹನ್ನೊಂದು ಜನರಲ್ಲಿ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜ್ಯಾಕ್ ಚಾರ್ಲ್‌ಟನ್, ಬಾಬಿ ಚಾರ್ಲ್‌ಟನ್, ಈ ಐವರೂ ಡಿಮೆನ್ಷಿಯಾಕ್ಕೆ ತುತ್ತಾದರು. ಐವರ ಉದಾಹರಣೆಯಿಂದ ವಿಜ್ಞಾನ ನಿರ್ಣಯಕ್ಕೆ ಬರುವುದಿಲ್ಲ, ಬರಲೂಬಾರದು. ಆದರೂ ಒಂದು ದೇಶ ತನ್ನ ಅತಿ ದೊಡ್ಡ ಗೆಲುವಿನ ಚಿತ್ರವನ್ನು ನೋಡಿದಾಗಲೆಲ್ಲ ಈ ಹೆಸರುಗಳು ಅದರಲ್ಲಿವೆ. ಫೈನಲ್ ಮುಗಿದ ಮೇಲೆ ಕಪ್ ಹಿಡಿದು ಕುಣಿದ ಸ್ಟೈಲ್ಸ್ 2010ರಲ್ಲಿ ಕುಟುಂಬಕ್ಕೆ ಒಂದಿಷ್ಟು ಉಳಿಯಲೆಂದು ತಮ್ಮ ಪದಕಗಳನ್ನು ಹರಾಜಿಗಿಟ್ಟರು. ವಿಶ್ವಕಪ್ ಪದಕವನ್ನು ಕೊಂಡದ್ದು ಅವರು ಆಡಿದ್ದ ಮ್ಯಾಂಚೆಸ್ಟರ್ ಯುನೈಟೆಡ್. 2020ರಲ್ಲಿ ಅವರು ತೀರಿಕೊಂಡ ಮೇಲೆ ಮೆದುಳಿನಲ್ಲಿ ಸಿ.ಟಿ.ಇ. ಪತ್ತೆಯಾಯಿತು. ಮಗ ಜಾನ್, ತಾನೂ ವೃತ್ತಿಪರ ಆಟಗಾರನಾಗಿದ್ದವರು, ಈಗ ಇಂಥ ಕುಟುಂಬಗಳ ಜೊತೆ ಸೇರಿ ಆಟದ ಸಂಸ್ಥೆಗಳ ವಿರುದ್ಧ ಕೋರ್ಟಿನಲ್ಲಿದ್ದಾರೆ.

ಮಂಡಿ, ಸೊಂಟಗಳ ಕಥೆಯೂ ಇದೆ. ನೋವು ಮರೆಸುವ ಚುಚ್ಚುಮದ್ದು ತೆಗೆದುಕೊಂಡು ಆಡಿ, ನಲವತ್ತರಲ್ಲೇ ಕೀಲು ಸವೆದವರು ನೂರಾರು. ಲಿವರ್‌ಪೂಲ್‌ನ ಟಾಮಿ ಸ್ಮಿತ್, ಎದುರಾಳಿಗಳು ನಡುಗುತ್ತಿದ್ದ ಡಿಫೆಂಡರ್, ಕೀಲುಗಳೆಲ್ಲ ಹಾಳಾಗಿ ಅಂಗವಿಕಲರ ಭತ್ಯೆ ಪಡೆಯುತ್ತಿದ್ದರು. 1996ರ ಎಫ್.ಎ. ಕಪ್ ಫೈನಲ್‌ಗೆ ಮುಂಚೆ ಒಂದು ಸಾಂಕೇತಿಕ ಪೆನಾಲ್ಟಿ ಒದ್ದರು. ಚೆಂಡು ಒದ್ದದ್ದೇ ಸಾಕ್ಷಿಯೆಂದು ಭತ್ಯೆ ನಿಲ್ಲಿಸಲಾಯಿತು. ಮುಂದೆ ಅವರಿಗೂ ಡಿಮೆನ್ಷಿಯಾ ಬಂತು. ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ನೋಯಿಸಿದ ಸಂಗತಿ ಇದು.

2023ರಲ್ಲಿ ಪ್ರೀಮಿಯರ್ ಲೀಗ್ ಮತ್ತು ಪಿ.ಎಫ್.ಎ. ಕೂಡಿ ಡಿಮೆನ್ಷಿಯಾಪೀಡಿತ ಮಾಜಿ ಆಟಗಾರರ ನೆರವಿಗೆ ಒಂದು ನಿಧಿ ತೆರೆದವು. ಆರಂಭದ ಮೊತ್ತ ಹತ್ತು ಲಕ್ಷ ಪೌಂಡ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಲೀಗ್ ಬ್ರಿಟನ್ ಒಂದರ ನಾಲ್ಕು ಋತುಗಳ ಟೀವಿ ಹಕ್ಕನ್ನು 670 ಕೋಟಿ ಪೌಂಡಿಗೆ ಮಾರಿತು. ಬೆಂಗಳೂರಿನಲ್ಲಿ ಕೂತು ಶನಿವಾರ ರಾತ್ರಿ ಈ ಲೀಗ್ ನೋಡುವ ನಾವು ಕೊಡುವ ಚಂದಾ ಇನ್ನೊಂದು ಬಾಬತ್ತು, ಅದು ಈ ಲೆಕ್ಕದ ಹೊರಗಿದೆ. ಈ ನಿಧಿಯನ್ನು ದಾನವೆಂದು ಹೊಗಳಿ ಬರೆದ ಬರಹಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕ ಕೊಡಬೇಕಾದದ್ದು ಪರಿಹಾರ. ಆಟಗಾರನ ಮನೆಯವರು ಅದಕ್ಕಾಗಿ ಅರ್ಜಿ ಹಿಡಿದು ಸಮಿತಿಯೊಂದರ ಮುಂದೆ ನಿಲ್ಲುವಂತಾಗಬಾರದು.

ಹೆಡ್ಡಿಂಗನ್ನು ಆಟದಿಂದ ತೆಗೆದುಬಿಡಬೇಕೆ? ಅಲ್ಲಿಯವರೆಗೆ ಹೋಗುವಷ್ಟು ಆಧಾರ ಇಂದು ನಮ್ಮ ಕೈಯಲ್ಲಿಲ್ಲ, ವಯಸ್ಕರು ಅಪಾಯ ತಿಳಿದು ಆಡುವ ಹಕ್ಕನ್ನು ನಾನು ಒಪ್ಪುತ್ತೇನೆ. ಆದರೆ ತಿಳಿಯುವುದು ಹೇಗೆ? ಗ್ಲಾಸ್ಗೊದ ಅಧ್ಯಯನದ ದೊಡ್ಡ ಕೊರತೆ ಹೆಡ್ಡರ್‌ಗಳ ಲೆಕ್ಕ ಇಲ್ಲದ್ದು. ಅದನ್ನು ನೀಗಿಸುವುದು ಇಂದು ಕಷ್ಟವೇ ಅಲ್ಲ. ದೊಡ್ಡ ಕ್ಲಬ್ಬುಗಳ ಆಟಗಾರರು ಜೆರ್ಸಿಯೊಳಗೆ ಜಿ.ಪಿ.ಎಸ್. ಬನಿಯನ್ ತೊಟ್ಟು ತಾಲೀಮು ಮಾಡುತ್ತಾರೆ. ಎಷ್ಟು ಕಿಲೋಮೀಟರ್ ಓಡಿದ, ಎಷ್ಟು ಸಲ ವೇಗ ಏರಿಸಿದ, ಎದೆಬಡಿತ ಎಷ್ಟಿತ್ತು ಎಂದು ಪ್ರತಿದಿನ ದಾಖಲಾಗುತ್ತದೆ. ಪ್ರತಿ ಪಂದ್ಯದ ಪ್ರತಿ ಸ್ಪರ್ಶವನ್ನು ವಿಡಿಯೊ ನೋಡಿ ಎಣಿಸುವವರಿದ್ದಾರೆ, ಆಟಗಾರನ ಮಾರಾಟದ ಬೆಲೆ ಕಟ್ಟಲು. ಆ ಎಣಿಕೆಯಲ್ಲಿ ಹೆಡ್ಡರ್‌ಗಳೂ ಸೇರಿವೆ. ಹದಿನಾರನೆಯ ವಯಸ್ಸಿನಿಂದ ಕೊನೆಯ ಪಂದ್ಯದವರೆಗೆ, ತರಬೇತಿಯೂ ಸೇರಿದಂತೆ, ಆ ಲೆಕ್ಕ ಕ್ಲಬ್ಬಿನಿಂದ ಕ್ಲಬ್ಬಿಗೆ ಆಟಗಾರನ ಜೊತೆಗೇ ಹೋಗಬೇಕು. ಆಟ ಬಿಡುವ ದಿನ ಅವನ ಕೈಗೆ ಒಂದು ಪ್ರತಿ ಸೇರಬೇಕು, ಅವನ ಊರಿನ ವೈದ್ಯನಿಗೆ ಇನ್ನೊಂದು. ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್ ಪೂರ್ಣ ವೃತ್ತಿಪರವಾದದ್ದು 2018ರಲ್ಲಿ. ಆ ಹೆಣ್ಣುಮಕ್ಕಳ ಬಗ್ಗೆ ಹಳೆಯ ದಾಖಲೆ ಕೆದಕಿ ತಿಳಿಯಲು ಏನೂ ಇಲ್ಲ. ಅವರ ಲೆಕ್ಕವನ್ನಂತೂ ಮುಂದಿನ ಋತುವಿನಿಂದಲೇ ಬರೆಯಲು ಶುರುಮಾಡಬಹುದು, ಅದಕ್ಕೆ ಯಾವ ಹೊಸ ಅಧ್ಯಯನವನ್ನೂ ಕಾಯಬೇಕಿಲ್ಲ.